ಗೇಟಿಗೊಂದು ಸಾಲು: ಕ್ವಾಂಟಮ್ ಸರ್ಕ್ಯೂಟಿನ ಸ್ಥಿತಿ ನೋಡಲು ನಾನು ಬರೆದುಕೊಂಡ ಟೂಲ್

ಕ್ವಾಂಟಮ್ ಸರ್ಕ್ಯೂಟ್ (ಕ್ಯೂಬಿಟ್‌ಗಳ, ಅಂದರೆ ಕ್ವಾಂಟಮ್ ಬಿಟ್‌ಗಳ ಮೇಲೆ ಸಾಲಾಗಿ ನಡೆಸುವ ಗೇಟುಗಳೆಂಬ ಕ್ರಿಯೆಗಳು) ಸರಿಯಿದೆಯೇ ಎಂದು ನೋಡಲು ಎಲ್ಲರೂ ಮೊದಲು ತೆರೆಯುವುದು ಹಿಸ್ಟೊಗ್ರಾಮನ್ನೇ, ಅಂದರೆ ಅಳೆದಾಗ ಯಾವ ಫಲ ಎಷ್ಟು ಸಲ ಬಂತೆಂಬ ಕಂಬಚಿತ್ರವನ್ನು. ಅದರಲ್ಲಿ ಫೇಸ್ (ಸ್ಥಿತಿಯ ಭಾಗಗಳ ನಡುವಿನ ಚಿಹ್ನೆ ಅಥವಾ ಕೋನ) ಕಾಣುವುದಿಲ್ಲ. 0 ಮತ್ತು 1 ಸಮವಾಗಿ ಬೆರೆತ, ಚಿಹ್ನೆಯಲ್ಲಷ್ಟೇ ಬೇರೆಯಾದ ಪ್ಲಸ್ ಸ್ಥಿತಿ ಇರಲಿ, ಮೈನಸ್ ಸ್ಥಿತಿ ಇರಲಿ, ಅದು ತೋರಿಸುವುದು ಅರ್ಧ 0, ಅರ್ಧ 1. ಹೋಗಲಿ, ಸ್ಟೇಟ್‌ವೆಕ್ಟರನ್ನೇ (ಪೂರ್ತಿ ಸ್ಥಿತಿಯನ್ನು ಹೇಳುವ ಸಂಖ್ಯೆಗಳ ಪಟ್ಟಿ) ಪ್ರಿಂಟ್ ಮಾಡೋಣವೆಂದರೆ 10 ಕ್ಯೂಬಿಟ್‌ಗೇ 1024 ಕಾಂಪ್ಲೆಕ್ಸ್ ಸಂಖ್ಯೆಗಳು. ಅಷ್ಟನ್ನು ಕಣ್ಣಲ್ಲಿ ಓದಿ ತಪ್ಪು ಹಿಡಿಯುವುದು ಆಗದ ಮಾತು.

ನನಗೆ ಬೇಕಿದ್ದದ್ದು ಇವೆರಡರ ನಡುವಿನದು. ಕಿಸ್ಕಿಟ್ (ಕ್ವಾಂಟಮ್ ಸರ್ಕ್ಯೂಟ್ ಬರೆಯುವ ಪೈಥಾನ್ ಲೈಬ್ರರಿ) ಮತ್ತು ನಂಪೈ (ಸಂಖ್ಯಾ ಲೆಕ್ಕದ ಪೈಥಾನ್ ಲೈಬ್ರರಿ) ಬಳಸಿ ಒಂದು ಕೋಷ್ಟಕ ಬರುವಂತೆ ಮಾಡಿಕೊಂಡೆ: ಪ್ರತಿ ಗೇಟಿಗೆ ಒಂದು ಸಾಲು, ಪ್ರತಿ ಕ್ಯೂಬಿಟ್‌ಗೆ ಒಂದು ಕಾಲಮ್, ಒಳಗೆ ಆ ಕ್ಯೂಬಿಟ್‌ನ ಎಂಟ್ರೊಪಿ, ಅಂದರೆ ಉಳಿದವುಗಳ ಜೊತೆ ಅದು ಎಷ್ಟು ಹೆಣೆದುಕೊಂಡಿದೆ ಎಂಬ ಅಳತೆ. 0 ಬಂದರೆ ಆ ಕ್ಯೂಬಿಟ್ ಯಾರ ಹಂಗೂ ಇಲ್ಲದೆ ತನ್ನಷ್ಟಕ್ಕಿದೆ. 1 ಬಂದರೆ ಉಳಿದವುಗಳ ಜೊತೆ ಪೂರ್ತಿ ಹೆಣೆದುಕೊಂಡಿದೆ (ಈ ಹೆಣಿಗೆಯೇ ಎಂಟ್ಯಾಂಗಲ್‌ಮೆಂಟ್).

ಕೋಡ್ ಹೆಚ್ಚೇನಿಲ್ಲ. ಸರ್ಕ್ಯೂಟಿನ ಗೇಟುಗಳನ್ನು ಒಂದೊಂದಾಗಿ ತೆಗೆದು ಸ್ಟೇಟ್‌ವೆಕ್ಟರಿನ ಇವಾಲ್ವ್‌ಗೆ (ಗೇಟನ್ನು ಸ್ಥಿತಿಗೆ ಅನ್ವಯಿಸುವ ಫಂಕ್ಷನ್) ಕೊಡುವುದು, ಬಂದ ವೆಕ್ಟರನ್ನು 2×2×2… ಆಕಾರಕ್ಕೆ ರೀಶೇಪ್ ಮಾಡುವುದು, ಬೇಕಾದ ಕ್ಯೂಬಿಟ್ ಬಿಟ್ಟು ಉಳಿದ ಆಕ್ಸಿಸ್‌ಗಳ ಮೇಲೆಲ್ಲ ಅದನ್ನು ತನ್ನ ಕಾಂಜುಗೇಟ್ ಜೊತೆ ಗುಣಿಸಿ ಕೂಡಿಸಿ 2×2 ಡೆನ್ಸಿಟಿ ಮ್ಯಾಟ್ರಿಕ್ಸ್ (ಆ ಒಂದು ಕ್ಯೂಬಿಟ್‌ನ ಸ್ಥಿತಿ ಹೇಳುವ ಕೋಷ್ಟಕ) ಪಡೆಯುವುದು, ಅದರ ಐಗನ್ ಬೆಲೆಗಳಿಂದ ಎಂಟ್ರೊಪಿ ಲೆಕ್ಕ ಹಾಕುವುದು. ಎರಡು ಕಡೆ ಮಾತ್ರ ಎಚ್ಚರ ಬೇಕು. ಕಿಸ್ಕಿಟ್‌ನಲ್ಲಿ 0ನೇ ಕ್ಯೂಬಿಟ್ ಬಲತುದಿಯಲ್ಲಿರುತ್ತದೆ, ಆದ್ದರಿಂದ ರೀಶೇಪ್ ಆದಮೇಲೆ kನೇ ಕ್ಯೂಬಿಟ್‌ನ ಆಕ್ಸಿಸ್ n−1−k. ಇನ್ನೊಂದು, ಸೊನ್ನೆಯಾಗಬೇಕಾದ ಐಗನ್ ಬೆಲೆ ಕೆಲವೊಮ್ಮೆ ಮೈನಸ್ 1e-17 ಎಂದು ಬಂದು, ಲಾಗ್ ತೆಗೆದಾಗ ಕೋಷ್ಟಕದ ತುಂಬ nan (ಸಂಖ್ಯೆಯಲ್ಲ ಎಂಬ ಗುರುತು) ತುಂಬಿಕೊಳ್ಳುತ್ತದೆ. 1e-12ಕ್ಕಿಂತ ಚಿಕ್ಕದನ್ನೆಲ್ಲ ಬಿಟ್ಟುಬಿಡುತ್ತೇನೆ.

ಇದರ ನಿಜವಾದ ಉಪಯೋಗ ಗೊತ್ತಾದದ್ದು ನಮ್ಮ ಜೊತೆ ಕಲಿಯುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಗ್ರೋವರ್ (ಬೇಕಾದ ಉತ್ತರ ಹುಡುಕುವ ಕ್ವಾಂಟಮ್ ವಿಧಾನ) ಸರ್ಕ್ಯೂಟ್ ತಂದಾಗ. 3 ಕ್ಯೂಬಿಟ್, ಹುಡುಕಬೇಕಾದದ್ದು 111, ಜೊತೆಗೊಂದು ಕೆಲಸದ ಕ್ಯೂಬಿಟ್ (ನಡುವಿನ ಲೆಕ್ಕ ಇಡಲು ಬಳಸುವ ಹೆಚ್ಚುವರಿ ಕ್ಯೂಬಿಟ್). ಒಂದು ಸುತ್ತಿಗೆ 111ರ ಸಂಭಾವ್ಯತೆ 0.78125 ಬರಬೇಕು. ಅವಳಿಗೆ 111 ಮತ್ತು 011 ಎರಡಕ್ಕೂ ಸರಿಸಮನಾಗಿ ಸುಮಾರು 0.406 ಬರುತ್ತಿತ್ತು. "ಸರ್, ಆರಕಲ್ ಬೇರೆಯಾಗಿ ಚೆಕ್ ಮಾಡಿದೀನಿ, 111ಕ್ಕೆ ಮಾತ್ರ ಚಿಹ್ನೆ ತಿರುಗ್ತಿದೆ" ಎಂದಳು. ಆರಕಲ್ ಎಂದರೆ ಹುಡುಕುವ ಉತ್ತರದ ಚಿಹ್ನೆ ತಿರುಗಿಸಿ ಗುರುತು ಮಾಡುವ ಭಾಗ. ಅವಳು ಹೇಳಿದ್ದೂ ನಿಜವೇ.

ಕೋಷ್ಟಕ ಓಡಿಸಿದೆವು. ಮೊದಲ ಮೂರು ಹ್ಯಾಡಮಾರ್ಡ್ (ಕ್ಯೂಬಿಟ್ಟನ್ನು 0, 1ರ ಸಮ ಬೆರಕೆಗೆ ತರುವ ಗೇಟ್) ಸಾಲುಗಳಲ್ಲಿ ಎಲ್ಲ ಸೊನ್ನೆ. ಟೊಫೊಲಿ (ಎರಡು ಕ್ಯೂಬಿಟ್‌ಗಳು 1 ಇದ್ದಾಗ ಮೂರನೆಯದನ್ನು ತಿರುಗಿಸುವ) ಗೇಟಿನ ಸಾಲಿನಲ್ಲಿ ಕೆಲಸದ ಕ್ಯೂಬಿಟ್‌ಗೆ 0.811 ಬಂತು. ಅದು q0, q1 ಎರಡೂ 1 ಆದಾಗ ಮಾತ್ರ 1 ಆಗುವುದರಿಂದ ಮುಕ್ಕಾಲು–ಕಾಲು ಮಿಶ್ರಣ, ಅದರ ಎಂಟ್ರೊಪಿ ಅಷ್ಟೇ. ಅಲ್ಲಿಯವರೆಗೆ ತಪ್ಪಿಲ್ಲ. ಆದರೆ ಮುಂದಿನ ಸಾಲುಗಳಲ್ಲೂ ಅದೇ 0.811, ಕೊನೆಯವರೆಗೂ ಕದಲಲಿಲ್ಲ. ಚಿಹ್ನೆ ತಿರುಗಿಸಿದ ಮೇಲೆ ಇನ್ನೊಂದು ಟೊಫೊಲಿ ಹಾಕಿ ಆ ಕ್ಯೂಬಿಟ್ಟನ್ನು 0ಗೆ ಮರಳಿಸುವುದು ಬಿಟ್ಟುಹೋಗಿತ್ತು. ಕೆಲಸದ ಕ್ಯೂಬಿಟ್ ಹೀಗೆ ಗುರುತು ಇಟ್ಟುಕೊಂಡು ಕೂತರೆ, ಅದು 0 ಇರುವ ಭಾಗ ಮತ್ತು 1 ಇರುವ ಭಾಗ ಪರಸ್ಪರ ಸೇರಿ ಇಂಟರ್‌ಫಿಯರೆನ್ಸ್ ಆಗುವುದೇ ಇಲ್ಲ. ಎರಡು ಕಂಬಗಳು ಸಮ ಬಂದದ್ದು ಅದಕ್ಕೇ. ಟೊಫೊಲಿ ಸೇರಿಸಿದ ಕೂಡಲೇ ಕಾಲಮ್ ಸೊನ್ನೆಗಿಳಿಯಿತು, 111 ಎದ್ದು ನಿಂತಿತು.

ಒಂಟಿ ಕ್ಯೂಬಿಟ್‌ನ ಎಂಟ್ರೊಪಿ ಯಾರ ಜೊತೆ ಹೆಣೆದುಕೊಂಡಿದೆ ಎಂದು ಹೇಳುವುದಿಲ್ಲ, ಅದು ಈ ಟೂಲಿನ ದೊಡ್ಡ ಕೊರತೆ. ಜೋಡಿಗಳ ಮ್ಯೂಚುವಲ್ ಇನ್ಫರ್ಮೇಶನ್ (ಒಂದರ ಬಗ್ಗೆ ಇನ್ನೊಂದು ಎಷ್ಟು ಹೇಳುತ್ತದೆ ಎಂಬ ಅಳತೆ) ಸೇರಿಸಿದೆ, ಅದೂ ಸಾಲಲಿಲ್ಲ. ಮೂರು ಕ್ಯೂಬಿಟ್‌ಗಳ ಜಿಎಚ್‌ಝಡ್ ಸ್ಥಿತಿಯಲ್ಲಿ (000 ಮತ್ತು 111ರ ಬೆರಕೆ) ಜೋಡಿಗೆ 1, ಡಬ್ಲ್ಯೂ ಸ್ಥಿತಿಯಲ್ಲಿ (001, 010, 100ರ ಬೆರಕೆ) 0.918, ನೋಡಿದರೆ ಎರಡೂ ಹತ್ತಿರ ಹತ್ತಿರ. ಆದರೆ ಒಂದು ಕ್ಯೂಬಿಟ್ಟನ್ನು ಲೆಕ್ಕದಿಂದ ಬಿಟ್ಟರೆ ಜಿಎಚ್‌ಝಡ್‌ನಲ್ಲಿ ಉಳಿದೆರಡರ ನಡುವೆ ಎಂಟ್ಯಾಂಗಲ್‌ಮೆಂಟ್ ಇರುವುದಿಲ್ಲ, ಡಬ್ಲ್ಯೂನಲ್ಲಿ ಉಳಿಯುತ್ತದೆ. ಕಾನ್ಕರೆನ್ಸ್ (ಎರಡು ಕ್ಯೂಬಿಟ್‌ಗಳ ನಡುವಿನ ಎಂಟ್ಯಾಂಗಲ್‌ಮೆಂಟಿನ ಅಳತೆ) ಹಾಕಿದ ಮೇಲೆ ಒಂದಕ್ಕೆ 0, ಇನ್ನೊಂದಕ್ಕೆ 2/3 ಎಂದು ಸ್ಪಷ್ಟವಾಯಿತು.

ಮೆಮೊರಿಯ ಮಾತು: ಒಂದು ಆಂಪ್ಲಿಟ್ಯೂಡ್‌ಗೆ (ಸ್ಟೇಟ್‌ವೆಕ್ಟರಿನ ಒಂದು ಸಂಖ್ಯೆ) 16 ಬೈಟ್, 30 ಕ್ಯೂಬಿಟ್‌ಗೆ 16 ಜಿಬಿ. ಪೂರ್ಣ ಡೆನ್ಸಿಟಿ ಮ್ಯಾಟ್ರಿಕ್ಸ್ ಕಟ್ಟಲು ಹೋದರೆ 15 ಕ್ಯೂಬಿಟ್‌ಗೇ ಅಷ್ಟಾಗುತ್ತದೆ, ಕಟ್ಟಬೇಡಿ. ಕ್ಲಿಫರ್ಡ್ ಗೇಟುಗಳಷ್ಟೇ (ಸಾಮಾನ್ಯ ಕಂಪ್ಯೂಟರಿನಲ್ಲೂ ಬೇಗ ಲೆಕ್ಕ ಹಾಕಬಹುದಾದ ಗೇಟುಗಳ ಗುಂಪು) ಇದ್ದರೆ ಸ್ಟಿಮ್‌ನಂಥ ಸ್ಟೆಬಿಲೈಸರ್ ಸಿಮ್ಯುಲೇಟರ್ ಹಿಡಿಯುವುದೇ ಜಾಣತನ.

ನಿಜವಾದ ಯಂತ್ರದ ಮೇಲೆ ಈ ಕೋಷ್ಟಕ ಸಿಗುವುದಿಲ್ಲ. ಪೂರ್ಣ ಟೊಮೊಗ್ರಫಿಗೆ (ಬಗೆಬಗೆಯಾಗಿ ಅಳೆದು ಪೂರ್ತಿ ಸ್ಥಿತಿ ಪತ್ತೆಮಾಡುವುದು) 4 ಕ್ಯೂಬಿಟ್‌ಗೇ 81 ಬಗೆಯ ಅಳತೆ ಬೇಕು. ಅಲ್ಲಿ ನಾನು ಮಾಡುವುದು ಇಷ್ಟೇ: ಕೊನೆಯಲ್ಲಿ ಕೆಲಸದ ಕ್ಯೂಬಿಟ್ಟನ್ನೂ ಅಳೆಯುತ್ತೇನೆ. ಅಲ್ಲೊಂದು ಇಲ್ಲೊಂದು 1 ಬಂದರೆ ನಾಯ್ಸ್ ಎಂದು ಬಿಡಬಹುದು. ಶಾಟ್‌ಗಳಲ್ಲಿ (ಸರ್ಕ್ಯೂಟನ್ನು ಓಡಿಸಿ ಅಳೆದ ಒಂದೊಂದು ಸಲ) ಕಾಲು ಭಾಗ 1 ಬಂದರೆ ಟೊಫೊಲಿ ಎಣಿಸಲು ಸರ್ಕ್ಯೂಟಿಗೆ ಮರಳುತ್ತೇನೆ.