ಪಟ್ಟಿ ಬಿಟ್ಟ ಮೇಲೆ ಸಿಕ್ಕ ಗೋಡೆಗಳು

ಊರಿನ ಬೀದಿಗಳಲ್ಲಿರುವ ಗೋಡೆಚಿತ್ರ, ಪ್ರತಿಮೆ, ಉಬ್ಬುಶಿಲ್ಪ ಹುಡುಕಿ ಬರೆದಿಡೋದು ನನ್ನ ಹವ್ಯಾಸ. ಎಲ್ಲೆಲ್ಲಿ ಏನಿದೆ ಅನ್ನೋ ಪಟ್ಟಿ ಇಲ್ಲದೆ ಹೊರಟರೆ ಬರಿಗೈಲಿ ಬರ್ತೀಯ ಅಂತ ಜೊತೆಗಾರರೆಲ್ಲ ನಕ್ಕಿದ್ದರು. ಈಗ ನನ್ನ ನೋಟ್‌ಬುಕ್‌ನಲ್ಲಿ ಸುಮಾರು 140 ಕೃತಿಗಳಿವೆ. ಅವರ ಪಟ್ಟಿ ಇನ್ನೂ 50ರ ಆಸುಪಾಸಿನಲ್ಲೇ ಇದೆ.

ಮೊದಲ ವರ್ಷ ನಾನೂ ಪಟ್ಟಿಯ ಹಿಂದೆಯೇ ಓಡಿದೆ. ಜನರೇ ಸೇರಿ ತುಂಬುವ ಆನ್‌ಲೈನ್ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಆರ್ಟ್‌ವರ್ಕ್ ಅಂತ ಗುರುತಾದ ಚುಕ್ಕೆಯಿಂದ ಚುಕ್ಕೆಗೆ ನಡಿಗೆ. ದಿನಕ್ಕೆ 18 ಕಿ.ಮೀ. ನಡೆದರೆ ಸಿಕ್ಕಿದ್ದು ಆರೋ ಏಳೋ. ಕೆಲವು ಮ್ಯೂರಲ್‌ಗಳ (ಗೋಡೆಚಿತ್ರಗಳ) ಮೇಲೆ ಆಗಲೇ ಸುಣ್ಣ ಬಳಿದಾಗಿತ್ತು. ದುಡ್ಡು ಕೊಟ್ಟು ಎರಡು ಗೈಡೆಡ್ ವಾಕ್ ಮಾಡಿದೆ. ಎರಡರಲ್ಲೂ ಅದೇ ಹತ್ತು ಗೋಡೆ, ಅದೇ ಕಥೆ. ಪ್ರತಿಮೆಯ ಕುದುರೆ ಒಂದು ಕಾಲೆತ್ತಿದ್ದರೆ ಸವಾರ ಗಾಯಗೊಂಡು ಸತ್ತ ಅಂತೆ! ಶಿಲ್ಪಿಗಳಿಗೆ ಅಂಥ ನಿಯಮವೇ ಇಲ್ಲ. ಇನ್ನು ವೈಡ್ ಲೆನ್ಸ್‌ಗೆ ಸುರಿದ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಫೋಟೋದಲ್ಲಿ ಗೋಡೆಗಳೆಲ್ಲ ವಾಲಿಕೊಂಡು ಬಂದವು. ಆರು ತಿಂಗಳಲ್ಲಿ ಅರ್ಧ ಬೆಲೆಗೆ ಮಾರಿದೆ. ಆ ದುಡ್ಡಿಗೆ ಒಳ್ಳೆ ಶೂ ತಗೊಂಡಿದ್ದರೆ ಹಿಮ್ಮಡಿಯಾದರೂ ಉಳಿಯುತ್ತಿತ್ತು.

ಆಮೇಲೆ ಮಾಡಿದ್ದು ಇಷ್ಟೇ. ಒಂದು ಸಲಕ್ಕೆ ಒಂದು ಚದರ ಕಿ.ಮೀ. ಮಾತ್ರ. ಪ್ರತಿ ಬೀದಿಯೂ ಎರಡು ಸಲ, ಹೋಗುವಾಗ ಒಂದು ಬದಿ, ಬರುವಾಗ ಎದುರು ಬದಿ. ಬೆಳಿಗ್ಗೆ ಪೂರ್ವಕ್ಕೆ ಮುಖ ಮಾಡಿದ ಗೋಡೆ, ಸಂಜೆ ಪಶ್ಚಿಮದ್ದು. ವಾಪಸ್ ಬರುವಾಗಲೇ ಜಾಸ್ತಿ ಸಿಗುತ್ತದೆ. ಎರಡನೇ ಮಹಡಿಯ ಉಬ್ಬುಶಿಲ್ಪ ಹೋಗುವಾಗ ಬೆನ್ನ ಹಿಂದೆ ಇರುತ್ತದೆ, ಅಲ್ವಾ?

ಕಂಚಿನ ಪ್ರತಿಮೆಯಾದರೆ ಮುಖಕ್ಕಿಂತ ಮೊದಲು ಬುಡ ನೋಡುತ್ತೇನೆ. ಪಾದದ ಹಿಂದೆ, ಎರಕದ ಅಂಚಿನಲ್ಲಿ, ಶಿಲ್ಪಿಯ ಸಹಿಯೋ ಎರಕದವರ ಮುದ್ರೆಯೋ ಹಸಿರು ಕಿಲುಬಿನಡಿ ಅಡಗಿರುವುದುಂಟು. ಪೀಠದ ಕಲ್ಲಿನ ಸವೆದ ಬರಹಕ್ಕೆ ಮೊದಲು ಹಾಳೆ ಇಟ್ಟು ಪೆನ್ಸಿಲ್ ಉಜ್ಜಿದ್ದೆ. ಕಾವಲುಗಾರ ಬೈದು ಕಳಿಸಿದ. ಬೈದದ್ದು ಸರಿಯೇ. ಈಗ ಕತ್ತಲಾದ ಮೇಲೆ ಹೋಗಿ ಟಾರ್ಚನ್ನು ಕಲ್ಲಿಗೆ ತಾಗುವಷ್ಟು ಪಕ್ಕದಿಂದ ಹಿಡಿಯುತ್ತೇನೆ. ಹಗಲಲ್ಲಿ ಬೋಳಾಗಿದ್ದ ಕಲ್ಲಿನಲ್ಲಿ ನೆರಳು ಬಿದ್ದು ನಾಲ್ಕಕ್ಷರ ಎದ್ದು ಬರುತ್ತವೆ.

ನಡುವೆ ಇನ್ನೊಂದು ಹುಚ್ಚು. ಬಿಸಿಲಿಗೆ ಬಿದ್ದ ಒಂದು ಮ್ಯೂರಲ್‌ನ ಫೋಟೋವನ್ನು ತಿಂಗಳಿಗೊಮ್ಮೆ, ಅದೇ ಜಾಗದಿಂದ, ಹೆಚ್ಚುಕಡಿಮೆ ಒಂದೂವರೆ ವರ್ಷ ತೆಗೆದೆ. ಮೊದಲು ಹಳದಿ ಹೋಯಿತು, ಆಮೇಲೆ ಕೆಂಪು. ನೀಲಿ ಜಗ್ಗಲಿಲ್ಲ. ಬಣ್ಣಗಳಲ್ಲಿ ಬಳಸುವ ಥ್ಯಾಲೋ ನೀಲಿ ಅನ್ನೋ ವರ್ಣದ್ರವ್ಯ ಬಿಸಿಲಿಗೆ ಅಷ್ಟು ಗಟ್ಟಿ. ಹಳೇ ಗೋಡೆಯ ಮುಖಗಳು ನೀಲಿಗಟ್ಟಿದ್ದರೆ ಕಲಾವಿದ ಹಾಗೇ ಬರೆದ ಅಂದುಕೊಳ್ಳಬೇಡಿ.

ಬೀಗ ಹಾಕಿದ ಅಂಗಳಗಳ ಒಳಗೆ ಬಿಡಿ ಅಂತ ಹೇಗೆ ಕೇಳುತ್ತೇನೆ ಅನ್ನೋದು ಮಾತ್ರ ಹೇಳಲ್ಲ. ಎಲ್ಲರೂ ಹಾಗೇ ಕೇಳಿದರೆ ಆ ಬಾಗಿಲು ನನಗೂ ಮುಚ್ಚುತ್ತದೆ. ಜೋರಾಗಿ ನಕ್ಕಿದ್ದ ಗೆಳೆಯ ಮೊನ್ನೆ ನೋಟ್‌ಬುಕ್ ಕೇಳಿದ. ಮೊದಲ 40 ಪುಟ ಕೊಟ್ಟೆ.