ಬೆನ್ನಿನ ಆಪರೇಷನ್ ಆಗಿದೆಯೇ? ಮೊದಲು ಏಳುವುದನ್ನು ಕಲಿಯಿರಿ

ಹೋದ ತಿಂಗಳು ದಾವಣಗೆರೆಯಲ್ಲಿ ಒಂದು ಮನೆಗೆ ಹೋಗಿದ್ದೆ. ಅರವತ್ತು ದಾಟಿದ ಅಮ್ಮ, ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಆಪರೇಷನ್ ಆಗಿ ಐದನೇ ದಿನ. ನಾನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಹಾಗೆ ಮಗ "ಫಿಸಿಯೋ ಮೇಡಂ ಬಂದ್ರು, ಏಳಮ್ಮ" ಅಂತ ಅವರ ಎರಡೂ ಕೈ ಹಿಡಿದು ಎಳೆದು ಕೂರಿಸಿಯೇ ಬಿಟ್ಟರು. ಅಮ್ಮ ಹಲ್ಲು ಕಚ್ಚಿ ಕಣ್ಣು ಮುಚ್ಚಿಕೊಂಡರು. ಒಂದು ನಿಮಿಷ ಮಾತೇ ಬರಲಿಲ್ಲ. ಆ ಮಗ ರಜೆ ಹಾಕಿ ನಾಲ್ಕು ದಿನದಿಂದ ತಾಯಿಯ ಪಕ್ಕದಲ್ಲೇ ಕೂತವರು. ಹೇಗೆ ಎಬ್ಬಿಸಬೇಕು ಅಂತ ಅವರಿಗೆ ಯಾರೂ ತೋರಿಸಿರಲಿಲ್ಲ, ಅಷ್ಟೇ.

ಮನೆ ಮನೆಗೆ ಹೋಗಿ ವ್ಯಾಯಾಮ ಮಾಡಿಸುವ ನನಗೆ ಇದು ಹೊಸದಲ್ಲ. ಆಪರೇಷನ್ ಚೆನ್ನಾಗಿಯೇ ಆಗಿರುತ್ತದೆ. ಆದರೆ ದಿನಕ್ಕೆ ಹತ್ತು ಸಲ ತಪ್ಪಾಗಿ ಎದ್ದು, ಮಾತ್ರೆಯನ್ನು ತಪ್ಪು ಹೊತ್ತಿಗೆ ನುಂಗಿ, ನೋವಿಗೆ ಹೆದರಿ ಹಾಸಿಗೆ ಹಿಡಿದವರು ಎಷ್ಟೋ ಜನ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳುತ್ತೇನೆ. ಇಲ್ಲಿ ಹೇಳುತ್ತಿರುವುದು ಸೊಂಟದ ಭಾಗದ ಡಿಸ್ಕ್ ಆಪರೇಷನ್ ಬಗ್ಗೆ. ಸಾಮಾನ್ಯವಾಗಿ ತೊಂದರೆ ಕೊಡುವುದು ಕೊನೆಯ ಎರಡು ಡಿಸ್ಕ್‌ಗಳು, ಅಂದರೆ ರಿಪೋರ್ಟಿನಲ್ಲಿ ಎಲ್4-ಎಲ್5, ಎಲ್5-ಎಸ್1 ಅಂತ ಬರೆದಿರುತ್ತಾರಲ್ಲ, ಅವು. ರಾಡು, ಸ್ಕ್ರೂ ಹಾಕಿ ಮೂಳೆ ಕೂಡಿಸಿದ್ದರೆ ಲೆಕ್ಕ ಬೇರೆ. ಆ ಮೂಳೆ ಬೆಸೆದುಕೊಳ್ಳಲು ತಿಂಗಳುಗಟ್ಟಲೆ ಬೇಕು, ನಿಯಮಗಳೂ ಬಿಗಿ. ಏಳುವ ಕ್ರಮ ಮಾತ್ರ ಇಬ್ಬರಿಗೂ ಒಂದೇ. ನಿಮ್ಮ ಸರ್ಜನ್ ಬೇರೆ ಏನಾದರೂ ಹೇಳಿದ್ದರೆ ಅವರ ಮಾತೇ ಮೇಲು.

1. ಮನೆ ಸಜ್ಜು ಮಾಡಿ

ಇದು ಆಸ್ಪತ್ರೆಗೆ ಹೋಗುವ ಮುಂಚೆಯೇ ಆಗಬೇಕು. ಮಂಚದ ಎತ್ತರ ಮೊಣಕಾಲಿನ ಮಟ್ಟಕ್ಕಿರಲಿ. ನೆಲದ ಹಾಸಿಗೆ ಬೇಡ. ಇಂಡಿಯನ್ ಟಾಯ್ಲೆಟ್ ಮಾತ್ರ ಇದ್ದರೆ ಮೇಲೆ ಇಡುವ ಕಮೋಡ್ ಕುರ್ಚಿ ತನ್ನಿ. ದಿನಾ ಬೇಕಾದ ಡಬ್ಬ, ಬಟ್ಟೆ, ಚಾರ್ಜರ್ ಎಲ್ಲ ಸೊಂಟದ ಎತ್ತರಕ್ಕೆ ಬರಲಿ. ಬಚ್ಚಲಲ್ಲಿ ಜಾರದ ಮ್ಯಾಟ್ ಹಾಕಿ.

ಮೆತ್ತನೆಯ ಸ್ಪಂಜಿನ ಹಾಸಿಗೆ ಹೊಸದಾಗಿ ತರಬೇಡಿ. ಬೆನ್ನಿಗೆ ಒಳ್ಳೇದು ಅಂತ ಹೇಳಿ ಮಾರುತ್ತಾರೆ, ಮಲಗಿದರೆ ಹಾಯಾಗಿಯೂ ಇರುತ್ತದೆ. ಆದರೆ ಸೊಂಟ ಅದರಲ್ಲಿ ಹೂತುಹೋಗುತ್ತದೆ, ಹೊರಳಲು ಆಗುವುದಿಲ್ಲ. ಮನೆಯಲ್ಲಿರುವ ತೆಂಗಿನ ನಾರಿನ ಹಾಸಿಗೆಯ ಮೇಲೆ ತೆಳ್ಳಗೆ ಹತ್ತಿ ಹಾಸಿಗೆ ಹಾಸಿದರೆ ಸಾಕು.

2. ಮಾತ್ರೆಗೆ ಗಡಿಯಾರ ಕಟ್ಟಿ

"ತಡೆಯೋಕಾಗದೇ ಇದ್ದಾಗ ಮಾತ್ರ ತಗೋತೀನಿ ಮೇಡಂ" ಅಂತ ಹೆಮ್ಮೆಯಿಂದ ಹೇಳುವವರಿದ್ದಾರೆ. ಮೊದಲ ಒಂದೆರಡು ವಾರ ಇದು ತಪ್ಪು ಲೆಕ್ಕ. ನೋವು ಏರಿದ ಮೇಲೆ ಇಳಿಸುವುದು ಕಷ್ಟ. ಅಷ್ಟರಲ್ಲಿ ಬೆನ್ನಿನ ಸ್ನಾಯುಗಳು ಬಿಗಿದುಕೊಂಡಿರುತ್ತವೆ, ನಡೆಯುವ ಹೊತ್ತು ತಪ್ಪಿರುತ್ತದೆ. ಚೀಟಿಯಲ್ಲಿ ಎಂಟು ಗಂಟೆಗೊಂದು ಅಂತಿದ್ದರೆ ಸರಿಯಾಗಿ ಎಂಟೆಂಟು ಗಂಟೆಗೊಮ್ಮೆ ತೆಗೆದುಕೊಳ್ಳಿ. ಬೆಳಗಿನ ಮಾತ್ರೆ ನುಂಗಿ ಮುಕ್ಕಾಲು ಗಂಟೆ ಬಿಟ್ಟು ನಡೆಯಲು ಹೊರಡಿ. ನೋವಿನ ಮಾತ್ರೆ ಇರುವುದು ನಿಮ್ಮನ್ನು ನಡೆಸಲಿಕ್ಕೆ.

ಮೆಡಿಕಲ್ ಶಾಪಿನವರು ಸ್ಟ್ರಿಪ್ ಕತ್ತರಿಸಿ ಕೊಡುವಾಗ ಎಷ್ಟೋ ಸಲ ಹೆಸರಿರುವ ತುದಿ ಅಂಗಡಿಯಲ್ಲೇ ಉಳಿಯುತ್ತದೆ. ಹೆಸರಿಲ್ಲದ ಆರು ಬಿಳಿ ಮಾತ್ರೆಗಳನ್ನು ಅಂಗೈಯಲ್ಲಿ ಹಿಡಿದು "ಇದ್ರಲ್ಲಿ ಗ್ಯಾಸಿಂದು ಯಾವುದು?" ಅಂತ ನನ್ನನ್ನು ಕೇಳಿದವರಿದ್ದಾರೆ. ಇಡೀ ಸ್ಟ್ರಿಪ್ಪೇ ಕೇಳಿ ತನ್ನಿ. ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ದಿನದ ಚೌಕದಲ್ಲಿ ಯಾವ ಮಾತ್ರೆ, ಎಷ್ಟು ಗಂಟೆಗೆ ಅಂತ ಬರೆದು ನುಂಗಿದ ಮೇಲೆ ಗೀಟು ಹಾಕಿ.

ಎಲ್ಲಕ್ಕಿಂತ ಜಾಸ್ತಿ ಆಗುವ ತಪ್ಪು ಪ್ಯಾರಾಸಿಟಮಾಲ್ ಎರಡು ಕಡೆಯಿಂದ ಸೇರುವುದು. ಅಸಿಕ್ಲೋಫೆನಾಕ್ ಜೊತೆ, ಟ್ರಮಡಾಲ್ ಜೊತೆ ಬರುವ ನೋವಿನ ಜೋಡಿ ಮಾತ್ರೆಗಳಲ್ಲಿ ಸಾಮಾನ್ಯವಾಗಿ 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇದ್ದೇ ಇರುತ್ತದೆ. ಅದರ ಮೇಲೆ ಮನೆಯಲ್ಲಿದ್ದ 650ರ ಮಾತ್ರೆಯನ್ನೂ ನುಂಗುತ್ತಾರೆ. ಆರೋಗ್ಯವಂತ ದೊಡ್ಡವರಿಗೂ ದಿನಕ್ಕೆ 4,000 ಮಿಲಿಗ್ರಾಂ ಗಡಿ. ವಯಸ್ಸಾದವರಿಗೆ, ಲಿವರ್ ತೊಂದರೆ ಇದ್ದವರಿಗೆ, ಕುಡಿಯುವವರಿಗೆ ಅದಕ್ಕಿಂತ ಕಡಿಮೆ. ಸ್ಟ್ರಿಪ್ಪಿನ ಹಿಂದೆ ಓದಿ ಕೂಡಿಸಿ ನೋಡಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ತರಹದ ನೋವಿನ ಮಾತ್ರೆಯನ್ನು ಪಕ್ಕದ ಮನೆಯವರು ಕೊಟ್ಟರು ಅಂತ ತೆಗೆದುಕೊಳ್ಳಬೇಡಿ. ಕಿಡ್ನಿ, ಹೊಟ್ಟೆ, ಬಿಪಿ ಮೂರಕ್ಕೂ ಕಷ್ಟ. ಮೂಳೆ ಕೂಡಿಸಿದವರಿಗೆ ಕೆಲವು ಸರ್ಜನ್‌ಗಳು ಅದನ್ನು ಬೇಡವೇ ಬೇಡ ಅನ್ನುತ್ತಾರೆ. ನರದ ನೋವಿಗೆ ಕೊಡುವ ಪ್ರೆಗಾಬಲಿನ್, ಗ್ಯಾಬಪೆಂಟಿನ್ ಅನ್ನು ನೋವು ಹೋಯ್ತು ಅಂತ ಒಂದೇ ದಿನಕ್ಕೆ ನಿಲ್ಲಿಸಬೇಡಿ, ವೈದ್ಯರು ಹೇಳಿದ ಹಾಗೆ ಮೆಲ್ಲಗೆ ಇಳಿಸಿ.

ಟ್ರಮಡಾಲ್ ಇದ್ದರೆ ಮಲ ಗಟ್ಟಿಯಾಗುತ್ತದೆ. ತಿಣುಕಿದರೆ ಬೆನ್ನಿಗೆ ಚಳಕು ಹೊಡೆಯುತ್ತದೆ. ಮೊದಲ ದಿನದಿಂದಲೇ ನೀರು, ಸೊಪ್ಪು, ಪಪ್ಪಾಯ ಜಾಸ್ತಿ ಮಾಡಿ. ಸಾಲದಿದ್ದರೆ ಇಸಬ್‌ಗೋಲ್ ಬಗ್ಗೆ ವೈದ್ಯರನ್ನು ಕೇಳಿ. ಮೂರು ದಿನ ಕಾದು ಆಮೇಲೆ ಯೋಚಿಸುವ ವಿಷಯ ಅಲ್ಲ ಇದು.

3. ಹಾಸಿಗೆಯಿಂದ ಏಳುವುದು

ಇದನ್ನು ನಿಧಾನವಾಗಿ ಓದಿ. ನಿಮ್ಮನ್ನು ನೋಡಿಕೊಳ್ಳುವವರಿಗೂ ಓದಿ ಹೇಳಿ.

ನಾವೆಲ್ಲ ಮಾಮೂಲಾಗಿ ಏಳುವುದು ಹೇಗೆ? ಮೊದಲು ತಲೆ ಎತ್ತುತ್ತೇವೆ, ಹೊಟ್ಟೆ ಬಿಗಿ ಹಿಡಿದು ಎದೆ ಎತ್ತುತ್ತೇವೆ, ಅರ್ಧ ಎದ್ದು ಸೊಂಟ ತಿರುಗಿಸಿ ಕಾಲು ಇಳಿಸುತ್ತೇವೆ. ಬಾಗುವುದು, ತಿರುಚುವುದು, ಭಾರ ಬೀಳುವುದು ಮೂರೂ ಒಂದೇ ಏಟಿಗೆ ಆಗುತ್ತದೆ. ಗಾಯ ಮಾಯುತ್ತಿರುವ ಡಿಸ್ಕ್‌ಗೆ ಬೇಡವಾದ ಮೂರೂ ಇವೇ. ಕೆಲವರು ಮಂಚದ ಕಾಲಿಗೆ ಹಗ್ಗವನ್ನೋ ಹಳೇ ಸೀರೆಯನ್ನೋ ಕಟ್ಟಿ ಅದನ್ನು ಹಿಡಿದು ಏಳುತ್ತಾರೆ. ಅದೂ ಇದೇ ತಪ್ಪು. ಬಿಚ್ಚಿಬಿಡಿ.

ಸರಿಯಾದ ರೀತಿ ಹೀಗೆ. ಬಲಗಡೆಗೆ ಇಳಿಯುತ್ತೀರಿ ಅಂದುಕೊಳ್ಳೋಣ.

ಅಂಗಾತ ಮಲಗಿದ್ದೀರಿ. ತಲೆ ದಿಂಬಿನ ಮೇಲೇ ಇರಲಿ. ಒಂದು ಮೊಣಕಾಲು ಮಡಚಿ, ಪಾದ ಹಾಸಿಗೆಗೆ ಊರಿ. ಆಮೇಲೆ ಇನ್ನೊಂದು. ಎರಡನ್ನೂ ಒಟ್ಟಿಗೆ ಎತ್ತಬೇಡಿ. ಹೊಕ್ಕಳನ್ನು ಸ್ವಲ್ಪ ಒಳಗೆ ಎಳೆದುಕೊಳ್ಳಿ, ಉಸಿರು ಕಟ್ಟದೆ ಮಾತಾಡಲು ಆಗುವಷ್ಟು ಮಾತ್ರ. ಎಡಗೈಯನ್ನು ಎದೆಯ ಮೇಲಿಂದ ಬಲಗಡೆಗೆ ತನ್ನಿ.

ಈಗ ಹೊರಳುವುದು. ಮೊಣಕಾಲು, ಸೊಂಟ, ಭುಜ ಮೂರೂ ಒಟ್ಟಿಗೆ ಬಲಕ್ಕೆ ತಿರುಗಬೇಕು, ಮರದ ಕೊರಡು ಉರುಳಿದ ಹಾಗೆ. ನಾನು ಎಲ್ಲರಿಗೂ ಅಂಗಿಯ ಗುಂಡಿಸಾಲು ತೋರಿಸಿ ಹೇಳುತ್ತೇನೆ. ಕತ್ತಿನ ಗುಂಡಿಯಿಂದ ಹೊಕ್ಕಳವರೆಗೆ ಆ ಸಾಲು ನೇರವಾಗಿಯೇ ಇರಬೇಕು, ಸೊಟ್ಟ ಆಗಬಾರದು. ಮೊಣಕಾಲು ಮೊದಲು ಬಿದ್ದು ಭುಜ ಹಿಂದೆ ಉಳಿದರೆ ಸೊಂಟ ತಿರುಚಿತು ಅಂತಲೇ ಅರ್ಥ. ಮತ್ತೆ ಅಂಗಾತ ಬಂದು ಮೊದಲಿಂದ ಮಾಡಿ.

ಮಗ್ಗುಲಾದ ಮೇಲೆ ಒಂದೆರಡು ಉಸಿರು ಸುಮ್ನೆ ಇರಿ. ಮಂಚದ ಅಂಚಿಗೆ ಹತ್ತಿರ ಇದ್ದೀರಾ ನೋಡಿಕೊಳ್ಳಿ. ದೂರದಲ್ಲಿದ್ದರೆ ಕಾಲು ಅಂಚು ದಾಟುವುದಿಲ್ಲ, ಆಗ ಬಾಗಲೇಬೇಕಾಗುತ್ತದೆ.

ಕಷ್ಟ ಇರುವುದು ಮುಂದಿನ ಹೆಜ್ಜೆಯಲ್ಲಿ. ಎರಡೂ ಪಾದಗಳನ್ನು ಅಂಚಿನಿಂದ ಕೆಳಗೆ ಬಿಡಬೇಕು. ಅದೇ ಕ್ಷಣಕ್ಕೆ ಬಲ ಮೊಣಕೈಯಿಂದಲೂ ಎಡ ಅಂಗೈಯಿಂದಲೂ ಹಾಸಿಗೆಯನ್ನು ಒತ್ತಬೇಕು. ತಕ್ಕಡಿ ಗೊತ್ತಲ್ವಾ? ಒಂದು ತಟ್ಟೆ ಇಳಿದರೆ ಇನ್ನೊಂದು ತಾನಾಗಿ ಏರುತ್ತದೆ. ಕಾಲಿನ ಭಾರ ಇಳಿಯುತ್ತಿದ್ದ ಹಾಗೆ ಮೈ ಮೇಲೇಳುತ್ತದೆ. ಶ್ರಮ ಎಲ್ಲ ಕೈಯದು, ಹೊಟ್ಟೆಯದೂ ಬೆನ್ನಿನದೂ ಅಲ್ಲ. ಏಳುವಾಗ ಬಾಯಿಂದ ಉಸಿರು ಬಿಡಿ. ಕಾಲು ಮೊದಲೇ ಇಳಿಸಿ ಆಮೇಲೆ ಕೈ ಒತ್ತಿದರೆ ನೋಯುತ್ತದೆ. ಕೈ ಮೊದಲು ಒತ್ತಿ ಕಾಲು ಮೇಲೇ ಉಳಿದರೂ ನೋಯುತ್ತದೆ. ಎರಡೂ ಕೂಡಿ ಬರಲು ಮೂರ್ನಾಲ್ಕು ಸಲ ಅಭ್ಯಾಸ ಬೇಕು. ಆಪರೇಷನ್ನಿಗೆ ಮುಂಚೆಯೇ ಕಲಿತಿದ್ದರೆ ಬಹಳ ಒಳ್ಳೆಯದು.

ಕೂತ ತಕ್ಷಣ ನಿಲ್ಲಬೇಡಿ. ಮಾತ್ರೆಗಳಿಂದ ತಲೆ ತಿರುಗಬಹುದು. ಒಂದು ನಿಮಿಷ ಪಾದ ಮೇಲೆ ಕೆಳಗೆ ಆಡಿಸಿ. ಆಮೇಲೆ ಅಂಚಿಗೆ ಸರಿದು, ಪಾದಗಳನ್ನು ಮೊಣಕಾಲಿನ ಕೆಳಗೆ ತಂದು, ಕೈ ಹಾಸಿಗೆಗೆ ಊರಿ, ತೊಡೆಯ ಬಲದಿಂದ ಏಳಿ.

ಮಲಗುವುದು ಇದೇ ದಾರಿಯಲ್ಲಿ ಹಿಂದಕ್ಕೆ. ಕೂತು, ಮೊಣಕೈ ಊರಿ ಮಗ್ಗುಲಾಗುತ್ತಾ ಎರಡೂ ಕಾಲು ಒಟ್ಟಿಗೆ ಮೇಲೆ ತೆಗೆದುಕೊಳ್ಳಿ, ಆಮೇಲೆ ಕೊರಡಿನ ಹಾಗೆ ಹೊರಳಿ. ಮಗ್ಗುಲಲ್ಲೇ ಮಲಗುವುದಾದರೆ ಮೊಣಕಾಲುಗಳ ನಡುವೆ ದಿಂಬು ಇಟ್ಟುಕೊಳ್ಳಿ.

ನೆರವಿಗೆ ಇರುವವರು ಕೈ ಹಿಡಿದು ಎಳೆಯಲೇಬಾರದು. ಅವರ ಕುತ್ತಿಗೆಗೆ ಜೋತು ಬೀಳಲು ರೋಗಿಯನ್ನೂ ಬಿಡಬಾರದು. ಹೊರಳುವಾಗ ಒಂದು ಕೈ ಭುಜದ ಹಿಂದೆ, ಒಂದು ಕೈ ಸೊಂಟದ ಹಿಂದೆ ಇಟ್ಟು ಎರಡನ್ನೂ ಸಮವಾಗಿ ತಳ್ಳಿದರೆ ಸಾಕು. ಇನ್ನೊಂದು ಸಣ್ಣ ವಿಷಯ: ಪಂಚೆ, ಸೀರೆ ಕಾಲಿಗೆ ಸುತ್ತಿಕೊಂಡು ಹೊರಳಲು ಬಿಡುವುದಿಲ್ಲ. ಮೊದಲ ಎರಡು ವಾರ ಸಡಿಲ ಪೈಜಾಮವೋ ನೈಟಿಯೋ ಇರಲಿ.

ದಾವಣಗೆರೆಯ ಆ ಅಮ್ಮನಿಗೆ ಅವತ್ತು ನಾಲ್ಕು ಸಲ ಮಾಡಿಸಿದೆ. ನಾಲ್ಕನೇ ಸಲ ತಾವೇ ಎದ್ದು ಕೂತು "ಅಯ್ಯೋ, ಇಷ್ಟೇನಾ!" ಅಂದರು.

4. ನಡೆಯುವುದು

ಡಿಸ್ಕ್ ಆಪರೇಷನ್ ಆದವರನ್ನು ಸಾಮಾನ್ಯವಾಗಿ ಅದೇ ದಿನ ಅಥವಾ ಮಾರನೇ ದಿನವೇ ನಡೆಸುತ್ತಾರೆ. ಮನೆಗೆ ಬಂದ ಮೇಲೆ ನಿಲ್ಲಿಸುವುದು ನೆಂಟರು. "ಪಾಪ, ಮಲಕ್ಕೊಳ್ಳಿ" ಅನ್ನುತ್ತಾರೆ. ಮಲಗಿದಷ್ಟೂ ಸ್ನಾಯು ಸೋಲುತ್ತದೆ, ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಏರುತ್ತದೆ.

ಮೊದಲ ವಾರ ಐದೈದು ನಿಮಿಷ, ದಿನಕ್ಕೆ ನಾಲ್ಕೈದು ಸಲ. ಹಜಾರ, ಪಡಸಾಲೆ, ತುಳಸಿಕಟ್ಟೆ ಸುತ್ತ, ಎಲ್ಲಾದರೂ ಸರಿ. ಒಂದೇ ಸಲ ಅರ್ಧ ಗಂಟೆ ನಡೆದು ಉಳಿದ ದಿನ ಮಲಗುವುದು ಬೇಡ. ಎರಡು ದಿನಕ್ಕೊಮ್ಮೆ ಒಂದೆರಡು ನಿಮಿಷ ಏರಿಸಿ. ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿ.

ಎಷ್ಟು ನೋವು ಪರವಾಗಿಲ್ಲ? ನನ್ನ ಅಳತೆ ಇದು. ಸೊನ್ನೆಯಿಂದ ಹತ್ತರಲ್ಲಿ ಮೂರು ನಾಲ್ಕರವರೆಗೆ ಏರಿ, ಒಂದು ಗಂಟೆಯೊಳಗೆ ಇಳಿದರೆ ಮುಂದುವರಿಯಿರಿ. ಮಾರನೇ ಬೆಳಿಗ್ಗೆ ಹಿಂದಿನ ದಿನಕ್ಕಿಂತ ಜಾಸ್ತಿ ಇದ್ದರೆ ನಡಿಗೆ ಅರ್ಧಕ್ಕೆ ಇಳಿಸಿ, ಪೂರ್ತಿ ನಿಲ್ಲಿಸಬೇಡಿ. ಕಾಲಿನ ಸೆಳೆತ ಬೇಗ ಹೋಗಿ, ಪಾದದ ಜೋಮು ವಾರಗಟ್ಟಲೆ, ತಿಂಗಳುಗಟ್ಟಲೆ ಉಳಿಯುವುದುಂಟು. ನರ ಚೇತರಿಸಿಕೊಳ್ಳುವುದೇ ನಿಧಾನ. ಅದನ್ನು ನೋಡಿ ಆಪರೇಷನ್ ಕೆಟ್ಟಿತು ಅಂತ ಹೆದರಬೇಡಿ.

5. ಕೂರುವುದು, ಎತ್ತುವುದು

ಸ್ವೀಡನ್ನಿನ ವೈದ್ಯ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಡಿಸ್ಕ್‌ನೊಳಗೇ ಸೂಜಿ ಇಳಿಸಿ ಒತ್ತಡ ಅಳೆದಿದ್ದರು. ಮಲಗಿದಾಗ ಕಡಿಮೆ, ನಿಂತಾಗ ಅದಕ್ಕಿಂತ ಜಾಸ್ತಿ, ಮುಂದೆ ಬಾಗಿ ಕೂತಾಗ ಇನ್ನೂ ಜಾಸ್ತಿ. ಸೋಫಾದಲ್ಲಿ ಕುಗ್ಗಿ ಕೂತು ಮೊಬೈಲ್ ನೋಡುವವರು ಇದನ್ನು ನೆನಪಿಡಿ. ಕೈ ಇರುವ ಗಟ್ಟಿ ಕುರ್ಚಿಯಲ್ಲಿ ಇಪ್ಪತ್ತು ನಿಮಿಷ ಕೂತು ಏಳಿ. ಊಟವೂ ಮೇಜಿನ ಮೇಲೆಯೇ.

ಮೊದಲ ಆರು ವಾರ ಎರಡು ಲೀಟರ್ ನೀರಿನ ಬಾಟಲಿಗಿಂತ ಭಾರದ್ದು ಎತ್ತಬೇಡಿ. ಇಪ್ಪತ್ತು ಲೀಟರಿನ ಕ್ಯಾನು, ತುಂಬಿದ ಕೊಡ, ಸಿಲಿಂಡರ್, ಮೊಮ್ಮಗು, ಯಾವುದೂ ಬೇಡ. ಮಗುವನ್ನು ನೀವು ಕೂತಿರುವಾಗ ಯಾರಾದರೂ ಮಡಿಲಿಗೆ ಕೊಡಲಿ. ಅಡುಗೆ ಕಟ್ಟೆಯ ಮುಂದೆ ನಿಲ್ಲುವಾಗ ಒಂದು ಕಾಲನ್ನು ಮಣೆಯ ಮೇಲಿಟ್ಟು, ಆಗಾಗ ಕಾಲು ಬದಲಿಸಿ. ಸೊಂಟಕ್ಕೆ ಎಷ್ಟು ಹಗುರ ಅಂತ ಆ ದಿನವೇ ಗೊತ್ತಾಗುತ್ತದೆ. ಸ್ಕೂಟರ್, ಕಾರು ಓಡಿಸುವುದು ಸರ್ಜನ್ ಒಪ್ಪಿದ ಮೇಲೆ. ಆಟೋದಲ್ಲಿ ಹೋಗಲೇಬೇಕಾದರೆ ಹಂಪ್‌ಗಳಲ್ಲಿ ನಿಧಾನ ಮಾಡಲು ಮೊದಲೇ ಹೇಳಿ.

6. ಬೇಡವೇ ಬೇಡ ಅನ್ನುವವು

ಎಣ್ಣೆ ಹಚ್ಚಿ ತಿಕ್ಕಿಸಬೇಡಿ. ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನು ತುಳಿಸಿದರೆ ಉಳುಕು ಹೋಗುತ್ತದೆ ಅನ್ನುವ ನಂಬಿಕೆ ನಮ್ಮ ಕಡೆ ಇನ್ನೂ ಇದೆ. ಆಪರೇಷನ್ ಆದ ಬೆನ್ನಿಗೆ ಅದು ನಿಜವಾದ ಅಪಾಯ. ಅದುರುವ ಮಸಾಜ್ ಯಂತ್ರ, ಅಯಸ್ಕಾಂತದ ಬೆಲ್ಟ್‌ಗೆ ಹಣ ಸುರಿಯಬೇಡಿ. ಸರ್ಜನ್ ಹೇಳಿದ್ದರೆ ಮಾತ್ರ ಸೊಂಟದ ಬೆಲ್ಟ್, ಅದೂ ಅವರು ಹೇಳಿದಷ್ಟೇ ದಿನ. ಗಾಯದ ಮೇಲೆ ಬಿಸಿನೀರಿನ ಚೀಲ ಇಡಬೇಡಿ. ಯೋಗ ಮಾಡುತ್ತಿದ್ದವರು ಪಶ್ಚಿಮೋತ್ತಾನಾಸನ, ಹಲಾಸನ, ಸೂರ್ಯನಮಸ್ಕಾರಕ್ಕೆ ಕೇಳದೆ ಮರಳಬೇಡಿ. ಬೀಡಿ, ಸಿಗರೇಟು ಬಿಡಿ. ಗಾಯ ಮಾಯುವುದನ್ನೂ ಮೂಳೆ ಬೆಸೆಯುವುದನ್ನೂ ಅವು ತಡೆಯುತ್ತವೆ. ಶುಗರ್ ಹಿಡಿತದಲ್ಲಿರಲಿ.

7. ಯಾವಾಗ ಓಡಬೇಕು

ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ಮಲದ ಹಿಡಿತ ತಪ್ಪಿದರೆ, ತೊಡೆಸಂದಿಯ ಸುತ್ತ ಮರಗಟ್ಟಿದರೆ, ಪಾದ ಎತ್ತಲು ಆಗದೆ ನೆಲಕ್ಕೆ ಎಳೆದರೆ, ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿ ಎರಡು ಗಂಟೆಯಾದರೂ ಎಮರ್ಜೆನ್ಸಿಗೆ ಹೋಗಿ, ತಡವಾದರೆ ನರ ಮತ್ತೆ ಸರಿಹೋಗದೇ ಇರಬಹುದು. ಒಂದು ಮೀನಖಂಡ ಮಾತ್ರ ಊದಿ ನೋಯುತ್ತಿದ್ದರೆ, ಉಸಿರು ಸಿಕ್ಕಿಕೊಂಡರೆ, ಎದೆ ನೋವು ಬಂದರೆ ಆಗಲೂ ಅಷ್ಟೇ. ಜ್ವರ 100.4 ಡಿಗ್ರಿ ದಾಟಿದರೆ, ಹೊಲಿಗೆಯಿಂದ ಕೀವೋ ತಿಳಿನೀರೋ ಬಂದರೆ, ಎದ್ದು ಕೂತಾಗ ಸಿಡಿದು ಮಲಗಿದರೆ ಇಳಿಯುವ ತಲೆನೋವಿದ್ದರೆ ಅದೇ ದಿನ ಸರ್ಜನ್‌ಗೆ ಫೋನ್ ಮಾಡಿ. ಡಿಸ್ಚಾರ್ಜ್ ಚೀಟಿಯಲ್ಲಿರುವ ಆ ನಂಬರನ್ನು ಇವತ್ತೇ ದೊಡ್ಡ ಅಕ್ಷರದಲ್ಲಿ ಬರೆದು, ಮಾತ್ರೆಯ ಕ್ಯಾಲೆಂಡರಿನ ಪಕ್ಕ ಅಂಟಿಸಿ.