ಎಂಟು ಸೀಸನ್ ಬಿಗ್‌ಫುಟ್ ಹುಡುಕಿದೆ, ಸಿಕ್ಕಿದ್ದು ಮಾತ್ರ ಕರಡಿ

ನಾನು ತೀರ್ಥಹಳ್ಳಿ ಕಡೆಯವ್ನು, ಹತ್ತು ವರ್ಷದ ಮೇಲಾಯ್ತು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿದೀನಿ, ಪೋರ್ಟ್‌ಲ್ಯಾಂಡ್‌ನಿಂದ ಕೊಲಂಬಿಯಾ ನದಿ ದಾಟಿದ್ರೆ ವ್ಯಾಂಕೂವರ್ ಅಂತ ಒಂದೂರು ಸಿಗತ್ತಲ್ಲ, ಕೆನಡಾದ್ದಲ್ಲ ಇದು ಬೇರೆ, ಅಲ್ಲಿ. ಸೋಮವಾರದಿಂದ ಶುಕ್ರವಾರ ಸಾಫ್ಟ್‌ವೇರ್ ಟೆಸ್ಟಿಂಗ್, ಶನಿವಾರ ಬಿಗ್‌ಫುಟ್ ಹುಡುಕೋದು, ಅಂದ್ರೆ ಇಲ್ಲಿನ ಕಾಡಲ್ಲಿದೆ ಅಂತ ಜನ ಹೇಳೋ, ಎರಡು ಕಾಲಲ್ಲಿ ನಡಿಯೋ ದೊಡ್ಡ ಮಂಗಮನುಷ್ಯ. ಹೀಗಂದ ತಕ್ಷಣ ಕನ್ನಡ ಕೂಟದಲ್ಲಿ ಎಲ್ರೂ ನಗ್ತಾರೆ, ಆಮೇಲೆ ಊಟದ ಕ್ಯೂನಲ್ಲಿ ಒಬ್ಬೊಬ್ರೇ ಹತ್ರ ಬಂದು ಮೆಲ್ಲಗೆ "ಅಲ್ಲ ಸರ್, ನಿಜವಾಗ್ಲೂ ಇದ್ಯಾ" ಅಂತ ಕೇಳ್ತಾರೆ. ಅವ್ರಿಗೆ ಹೇಳಿ ಹೇಳಿ ಸಾಕಾಗಿ ಈಗ ಒಂದ್ಸಲ ಬರ್ದೇ ಬಿಡ್ತಿದೀನಿ, ಹೇಗೆ ಹುಡುಕ್ತೀನಿ, ಎಲ್ಲೆಲ್ಲಿ ಮಂಗ ಆದೆ, ಎಲ್ಲಾ.

ಶುರು ಆಗಿದ್ದು ಒಂದು ಕಾನೂನಿನಿಂದ. ನಮ್ಮನೆಯಿಂದ ಪೂರ್ವಕ್ಕೆ ಒಂದು ಗಂಟೆ ಡ್ರೈವ್ ಮಾಡಿದ್ರೆ ಸ್ಕಮೇನಿಯಾ ಕೌಂಟಿ, ಕೌಂಟಿ ಅಂದ್ರೆ ನಮ್ಮ ಜಿಲ್ಲೆ ತರ. ಅಲ್ಲಿ 1969ರ ಏಪ್ರಿಲ್ 1ಕ್ಕೆ, ಹೌದು ಏಪ್ರಿಲ್ ಒಂದಕ್ಕೇನೇ, ಸಾಸ್ಕ್ವಾಚ್‌ನ, ಅಂದ್ರೆ ಬಿಗ್‌ಫುಟ್‌ನ, ಕೊಂದ್ರೆ 10,000 ಡಾಲರ್ ದಂಡ, 5 ವರ್ಷ ಜೈಲು ಅಂತ ಆರ್ಡಿನೆನ್ಸ್ ಮಾಡಿದ್ರು, 1984ರಲ್ಲಿ ಶಿಕ್ಷೆ ಸ್ವಲ್ಪ ಕಮ್ಮಿ ಮಾಡಿ ಇಡೀ ಕೌಂಟಿನೇ ಸಾಸ್ಕ್ವಾಚ್ ಆಶ್ರಯತಾಣ ಅಂತ ಘೋಷಿಸಿದ್ರು. ತಮಾಷೆ ಅನ್ಸತ್ತೆ, ಆದ್ರೆ ಅದ್ರ ಹಿಂದೆ ಒಂದು ಒಳ್ಳೆ ಲೆಕ್ಕಾಚಾರನೂ ಇದೆ, ಬಂದೂಕು ಹಿಡ್ಕೊಂಡು ಕಾಡಿಗೆ ನುಗ್ಗೋ ಜನ ಕಪ್ಪಗೆ ಎರಡು ಕಾಲಲ್ಲಿ ನಿಂತಿರೋ ಏನನ್ನೋ ನೋಡಿ ಗುಂಡು ಹೊಡೆದ್ರೆ ಬಿದ್ದಿರೋದು ಸಾಮಾನ್ಯವಾಗಿ ಇನ್ನೊಬ್ಬ ಹುಡುಕೋಕೆ ಬಂದವ್ನೇ ಆಗಿರ್ತಾನೆ. ನಾನು ಈಗ್ಲೂ ಬೇಟೆ ಸೀಸನ್‌ನಲ್ಲಿ ಕಿತ್ತಳೆ ಬಣ್ಣದ ಜಾಕೆಟ್ ಇಲ್ದೆ ಕಾರಿಂದ ಇಳಿಯಲ್ಲ.

ಸಾಸ್ಕ್ವಾಚ್ ಅನ್ನೋ ಹೆಸ್ರು ಕೆನಡಾದ ಬ್ರಿಟಿಷ್ ಕೊಲಂಬಿಯಾದ ಮೂಲನಿವಾಸಿಗಳ ಹಾಲ್ಕೊಮೆಲಮ್ ಭಾಷೆಯಿಂದ ಬಂದಿದ್ದು, ಬಿಗ್‌ಫುಟ್ ಅನ್ನೋದು 1958ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಪೇಪರ್‌ನಿಂದ ಊರೆಲ್ಲಾ ಹರಡಿದ್ದು. ಬ್ಲಫ್ ಕ್ರೀಕ್ ಅನ್ನೋ ಕಡೆ ರಸ್ತೆ ಕೆಲಸ ನಡೀತಿತ್ತು, ಬುಲ್‌ಡೋಜರ್ ಓಡಿಸ್ತಿದ್ದ ಜೆರ್ರಿ ಕ್ರೂ ಅನ್ನೋನಿಗೆ 16 ಇಂಚಿನ ಹೆಜ್ಜೆ ಕಂಡಿತ್ತು, ಅಚ್ಚು ತೆಗ್ದ, ಫೋಟೋ ಬಂತು, ಹುಚ್ಚು ಶುರು. ಆ ಕೆಲಸದ ಕಂಟ್ರಾಕ್ಟರ್ ರೇ ವ್ಯಾಲೇಸ್ 2002ರಲ್ಲಿ ತೀರ್ಕೊಂಡ್ಮೇಲೆ ಅವ್ರ ಮನೆಯವ್ರೇ ಮರದಲ್ಲಿ ಕೆತ್ತಿದ ದೊಡ್ಡ ಪಾದಗಳನ್ನ ತೋರ್ಸಿ ಇದು ನಮ್ಮಪ್ಪನ ಚೇಷ್ಟೆ ಅಂದ್ರು. ಅದೇ ಬ್ಲಫ್ ಕ್ರೀಕ್‌ನಲ್ಲೇ 1967ರ ಅಕ್ಟೋಬರ್ 20ಕ್ಕೆ ಪ್ಯಾಟರ್ಸನ್ ಮತ್ತೆ ಗಿಮ್ಲಿನ್ ಅನ್ನೋ ಇಬ್ರು ಬಿಗ್‌ಫುಟ್‌ದು ಅಂತ ಆ ಫೇಮಸ್ ಫಿಲ್ಮ್ ತೆಗ್ದಿದ್ದು, ಒಂದು ನಿಮಿಷದ್ದು, ನಡ್ಕೊಂಡು ಹೋಗ್ತಾ ತಿರುಗಿ ನೋಡತ್ತಲ್ಲ ಅದು. ನಾನು ಅದನ್ನ ನೂರಾರು ಸಲ ನೋಡಿದೀನಿ. ಮೊದ್ಲೆಲ್ಲ ನಂಬ್ತಿದ್ದೆ, ಈಗ ವೇಷ ಅಂತಾನೇ ಅನ್ಸತ್ತೆ, ಆದ್ರೂ ಆ ತಿರುಗಿ ನೋಡೋ ಜಾಗ ಬಂದಾಗ ಈಗ್ಲೂ ಮೈ ಜುಮ್ಮನ್ನತ್ತೆ, ಅದಕ್ಕೇನ್ ಮಾಡೋದು.

ನನ್ನ ಮೊದಲನೇ ತಪ್ಪು, ಏಪ್ ಕೇವ್‌ಗೆ ಹೋಗಿದ್ದು. ಸೇಂಟ್ ಹೆಲೆನ್ಸ್ ಜ್ವಾಲಾಮುಖಿಯ ದಕ್ಷಿಣಕ್ಕೆ ಲಾವಾ ಹರಿದು ಆಗಿರೋ ಸುಮಾರು 4 ಕಿಲೋಮೀಟರ್ ಉದ್ದದ ಗುಹೆ. ಹೆಸ್ರಲ್ಲೇ ಏಪ್, ಅಂದ್ರೆ ವಾನರ, ಇದೆಯಲ್ಲ ಅಂತ ದೊಡ್ಡ ಉತ್ಸಾಹದಲ್ಲಿ ಟಾರ್ಚು, ರೆಕಾರ್ಡರ್ ಎಲ್ಲಾ ಹಿಡ್ಕೊಂಡು ಹೋದೆ, ಅಲ್ಲಿ ಬೋರ್ಡ್ ಓದಿದ್ರೆ 1950ರ ಹೊತ್ತಿಗೆ ಅದನ್ನ ಹುಡುಕಾಡಿದ ಹುಡುಗರ ಸ್ಕೌಟ್ ಗುಂಪಿನ ಹೆಸ್ರು "ಏಪ್ಸ್" ಅಂತೆ, ಅದಕ್ಕೆ ಆ ಹೆಸ್ರಂತೆ. ಹತ್ರದಲ್ಲೇ ಏಪ್ ಕ್ಯಾನ್ಯನ್ ಇದೆ, ಅದು ಬೇರೆ ಕಥೆ, 1924ರಲ್ಲಿ ಚಿನ್ನ ಹುಡುಕೋಕೆ ಹೋದವ್ರ ಗುಡಿಸಲಿಗೆ ರಾತ್ರಿಯೆಲ್ಲಾ ಮಂಗಮನುಷ್ಯರು ಕಲ್ಲು ಹೊಡೆದ್ರು ಅಂತ ಅವ್ರೇ ಹೇಳಿದ್ದು. ಟೂರಿಸ್ಟ್ ಜಾಗಗಳಲ್ಲಿ ಹುಡುಕೋದು ಅಲ್ಲಿಗೆ ಬಿಟ್ಟೆ.

ಆಮೇಲೆ ಕಲ್ತಿದ್ದು, ಮೊದ್ಲು ಹೊಟ್ಟೆ ಬಗ್ಗೆ ಯೋಚ್ನೆ ಮಾಡ್ಬೇಕು. ಅಷ್ಟು ದೊಡ್ಡ ಪ್ರಾಣಿ ಇದ್ರೆ ಅದಕ್ಕೆ ಊಟ ಬೇಕು, ನೀರು ಬೇಕು, ಚಳಿಗಾಲದಲ್ಲಿ ಹಿಮ ಕಮ್ಮಿ ಇರೋ ಇಳಿಜಾರು ಬೇಕು. ಗಿಫರ್ಡ್ ಪಿಂಚಟ್ ನ್ಯಾಷನಲ್ ಫಾರೆಸ್ಟ್ 13 ಲಕ್ಷ ಎಕರೆ, ಸುಮ್ನೆ ಅಲೆದ್ರೆ ಜನ್ಮ ಸಾಲಲ್ಲ. ಹಂಗಾಗಿ ಮ್ಯಾಪ್ ಹಾಸ್ಕೊಂಡು ಹಳ್ಳಗಳು, ಜವುಗು ಹುಲ್ಲುಗಾವಲು, ಟಿಂಬರ್ ಲಾರಿ ಓಡಾಟ ನಿಂತೋಗಿರೋ ಹಳೆ ರಸ್ತೆಗಳು, ಹಕಲ್‌ಬೆರ್ರಿ ಬೆಳೆಯೋ ಗುಡ್ಡಗಳು, ಇವಕ್ಕೆಲ್ಲಾ ಗುರುತು ಹಾಕ್ದೆ. ಹಕಲ್‌ಬೆರ್ರಿ ಅಂದ್ರೆ ನಮ್ಮ ನೇರಳೆ ತರ ನಾಲಿಗೆ ಬಣ್ಣ ಮಾಡೋ ಸಣ್ಣ ಹಣ್ಣು, ಆಗಸ್ಟ್ ಸೆಪ್ಟೆಂಬರ್‌ನಲ್ಲಿ ಸಾಟೂತ್ ಬಯಲು ತುಂಬಾ ಇರತ್ತೆ, ಅದ್ರಲ್ಲಿ ಒಂದು ಭಾಗ 1932ರಿಂದ ಯಾಕಮಾ ಅನ್ನೋ ಮೂಲನಿವಾಸಿಗಳಿಗೆ ಅಂತಾನೇ ಮೀಸಲು, ಅಲ್ಲಿ ನಾವು ಕೀಳೋ ಹಂಗಿಲ್ಲ. ಹಣ್ಣು ಇರೋ ಕಡೆ ಕರಡಿ ಇರತ್ತೆ, ಕರಡಿ ಬದುಕೋಕೆ ಆಗೋ ಕಡೆ ಇದೂ ಬದುಕ್ಬೋದು, ಇಷ್ಟೇ ನನ್ನ ಥಿಯರಿ. ಇದೇ ಥಿಯರಿನೇ ಆಮೇಲೆ ನನ್ನ ಕಾಲಿಗೆ ಸುತ್ಕೊಂಡಿದ್ದು.

ಮೂರನೇ ಸೀಸನ್‌ನಲ್ಲಿ ಆಗಿದ್ದು ಅದು. ಸ್ಕೂಕಮ್ ಮೆಡೋ ಹತ್ರ. ಆ ಜಾಗಕ್ಕೆ ಹೋಗಿದ್ದಕ್ಕೂ ಕಾರಣ ಇದೆ, 2000ನೇ ಇಸವಿಯಲ್ಲಿ ಒಂದು ತಂಡ ಅಲ್ಲಿ ಕೆಸರಲ್ಲಿ ದೊಡ್ಡ ಪ್ರಾಣಿ ಒರಗಿ ಮಲಗಿದ್ದ ಗುರುತು ಸಿಕ್ತು ಅಂತ ಇಡೀ ಅಚ್ಚು ತೆಗೆದಿತ್ತು, ಸಾಸ್ಕ್ವಾಚ್ ಅಂತ ಅವ್ರು, ಎಲ್ಕ್ ಅನ್ನೋ ದೊಡ್ಡ ಜಿಂಕೆ ಮಲಗಿ ಎದ್ದಿರೋದು ಅಂತ ಬೇರೆಯವ್ರು. ನಾನು ಹೋದ ಹಿಂದಿನ ರಾತ್ರಿ ಮಳೆ ಬಂದಿತ್ತು. ಹಳೆ ರಸ್ತೆ ಪಕ್ಕ, ಚರಂಡಿ ನೀರು ಬಂದು ನಿಲ್ಲೋ ಕಡೆ ನುಣ್ಣಗೆ ಬೂದು ಮಣ್ಣು, 1980ರಲ್ಲಿ ಸೇಂಟ್ ಹೆಲೆನ್ಸ್ ಸಿಡಿದಾಗ ಬಿದ್ದ ಬೂದಿನೂ ಅದ್ರಲ್ಲಿ ಸೇರಿರ್ಬೇಕು, ಅಚ್ಚು ಬೀಳೋಕೆ ಹೇಳಿ ಮಾಡಿಸಿದ ಹಂಗಿತ್ತು. ಅದ್ರ ನಡುವೆ ಒಂದು ಪಾದ. ಟೇಪ್ ಇಟ್ರೆ 13 ಇಂಚು. ಹಿಮ್ಮಡಿ ಇದೆ, ಐದು ಬೆರಳಿದೆ, ಉಗುರಿನ ಗುರುತಿಲ್ಲ. ನಂಗೆ ಎದೆ ಹೊಡ್ಕೊಳ್ಳೋ ಸದ್ದು ಕಿವಿಯಲ್ಲಿ ಕೇಳ್ತಿತ್ತು, ಸುಳ್ಳು ಯಾಕೆ ಹೇಳ್ಲಿ, ಮೊದ್ಲು ಮಾಡಿದ ಕೆಲ್ಸ ಫೋಟೋ ತೆಗೆದಿದ್ದಲ್ಲ, ಹಿಂದೆ ತಿರುಗಿ ನೋಡಿದ್ದು.

ಅಚ್ಚು ತೆಗೆಯೋದು ಹೆಂಗೆ ಅಂತ ತುಂಬಾ ಜನ ಕೇಳ್ತಾರೆ ಅದಕ್ಕೇ ಹೇಳ್ತೀನಿ. ಮೊದ್ಲು ಸ್ಕೇಲ್ ಪಕ್ಕದಲ್ಲಿಟ್ಟು ನೇರ ಮೇಲಿಂದ ಫೋಟೋ, ಆಮೇಲೆ ಟಾರ್ಚನ್ನ ನೆಲದ ಮಟ್ಟದಲ್ಲಿ ಅಡ್ಡ ಹಿಡಿದು ಇನ್ನೊಂದಷ್ಟು, ನೆರಳು ಬಿದ್ರೆ ಮಾತ್ರ ಆಳ ಗೊತ್ತಾಗತ್ತೆ. ಬಿದ್ದಿರೋ ಎಲೆ ಕಡ್ಡಿನ ಚಿಮಟದಲ್ಲಿ ತೆಗೀಬೇಕು, ಕೈ ಹಾಕ್ಬಾರ್ದು. ಸುತ್ತ ರಟ್ಟಿನ ಪಟ್ಟಿ ನಿಲ್ಸಿ, ಎರಡು ಪಾಲು ಪ್ಲಾಸ್ಟರ್ ಆಫ್ ಪ್ಯಾರಿಸ್‌ಗೆ ಒಂದು ಪಾಲು ನೀರು, ಉದ್ದಿನ ದೋಸೆ ಹಿಟ್ಟಿನ ಹದ ಬರ್ಬೇಕು, ನೀರ್ದೋಸೆ ಹದ ಆದ್ರೆ ಕೆಟ್ಟಿತು. ನೇರ ಗುರುತಿನ ಮೇಲೆ ಸುರೀಬೇಡಿ, ಪಕ್ಕದಲ್ಲಿ ಸುರಿದು ಹರಿದು ಹೋಗಕ್ಕೆ ಬಿಡಿ. ಅರ್ಧ ಗಂಟೆ ಮೇಲೆ ಬೇಕು, ಚಳಿ ಇದ್ರೆ ಇನ್ನೂ ಜಾಸ್ತಿ, ಎತ್ತಿದ ಮೇಲೂ ಒಂದೆರಡು ದಿನ ಮಣ್ಣು ತೊಳೀಬಾರ್ದು.

ಆ ಮುಕ್ಕಾಲು ಗಂಟೆ ಕಾಯ್ಬೇಕಲ್ಲ, ಸುಮ್ನೆ ಕೂರೋಕಾಗ್ದೆ ಮುಂದಿನ ಹೆಜ್ಜೆ ಎಲ್ಲಿದೆ ಅಂತ ಹುಡುಕ್ದೆ. ಆರೇಳು ಅಡಿ ದಾಟಿ ಕೆಸರಿನ ಅಂಚಲ್ಲಿ ಇನ್ನೊಂದು ಸಿಕ್ತು, ಅದು ಅಷ್ಟು ನೀಟಾಗಿರ್ಲಿಲ್ಲ, ಪಾದದ ನಡುವೆ ಅಡ್ಡಕ್ಕೆ ಒಂದು ಸಣ್ಣ ಏರು ಇತ್ತು, ರೊಟ್ಟಿ ಮೇಲೆ ರೊಟ್ಟಿ ಸ್ವಲ್ಪ ಜರುಗಿಸಿ ಇಟ್ಟಂಗೆ. ಅದ್ರ ಮುಂದೆ ನಾಲ್ಕು ಸಣ್ಣ ತೂತು. ಉಗುರು. ಕರಡಿ ನಡೆಯುವಾಗ ಮುಂಗಾಲು ಇಟ್ಟ ಜಾಗದ ಮೇಲೇ ಹಿಂಗಾಲು ಇಡತ್ತೆ, ಎರಡೂ ಅರ್ಧಂಬರ್ಧ ಕೂಡ್ಕೊಂಡ್ರೆ ಒಂದೇ ಉದ್ದದ ಮನುಷ್ಯನ ಪಾದದ ತರ ಕಾಣತ್ತೆ. ವಾಪಸ್ ಬಂದು ಮೊದ್ಲಿನ ಫೋಟೋ ಝೂಮ್ ಮಾಡಿ ನೋಡ್ದೆ, ಕರಡಿಗೆ ಅತಿ ದಪ್ಪ ಬೆರಳು ಹೊರಗಡೆ ಇರತ್ತೆ, ನಮಗೆ ಹೆಬ್ಬೆರಳು ಒಳಗಡೆ. ಎಡಗಾಲು ಅಂತ ಅಂದ್ಕೊಂಡಿದ್ದು ಬಲಗಾಲು. ಅಚ್ಚು ಮಾತ್ರ ಚೆನ್ನಾಗಿ ಬಂತು, ಈಗ್ಲೂ ಗ್ಯಾರೇಜಲ್ಲಿದೆ, ಹೆಂಡ್ತಿ ಅದ್ರ ಮೇಲೆ ಪೇಂಟ್ ಡಬ್ಬ ಇಡ್ತಾಳೆ.

ಶಬ್ದದ ವಿಷ್ಯಕ್ಕೆ ಬಂದ್ರೆ ಇನ್ನೂ ಮಾನ ಹೋಗಿದೆ. ಭಾವಮೈದ ಮೈಸೂರಿಂದ ಬಂದಿದ್ದ, ಭಾವ ನಾನೂ ಬರ್ತೀನಿ ಅಂತ ಹಠ, ಕರ್ಕೊಂಡು ಹೋದೆ. ರಾತ್ರಿ ಎರಡು ಗಂಟೆಗೆ ಟೆಂಟ್ ಮೇಲ್ಗಡೆ ಇದ್ದಕ್ಕಿದ್ದಂಗೆ ಹತ್ತಿಪ್ಪತ್ತು ಮಂಗ ಜಗಳ ಆಡ್ದಂಗೆ ಹೂ ಹೂ ಹಾ ಹಾ ಅಂತ ಕಿರುಚಾಟ, ನಗುನೂ ಸೇರಿದೆ ಅದ್ರಲ್ಲಿ. ಅವ್ನು ಸ್ಲೀಪಿಂಗ್ ಬ್ಯಾಗ್ ಸಮೇತ ನನ್ನ ಮೇಲೆ ಬಂದು ಬಿದ್ದ, "ಭಾವ, ಕೋತಿ ಭಾವ, ದೊಡ್ಡ ಕೋತಿ, ಕಾರ್ ಕೀ ಎಲ್ಲಿದೆ". ಈ ಕಡೆ ಕಾಡಲ್ಲಿ ಕೋತಿನೇ ಇಲ್ಲ ಕಣೋ ಅಂತ ಹೇಳ್ಬೇಕಾದ್ರೆ ನಂಗೇ ಧ್ವನಿ ನಡುಗ್ತಿತ್ತು, ಇಲ್ಲ ಅಂದ್ಮೇಲೆ ಇದೇನು ಅನ್ನೋದೇ ಭಯ ತಾನೇ. ರೆಕಾರ್ಡರ್ ಆನ್ ಇತ್ತು, ಬೆಳಿಗ್ಗೆ ಕಾಫಿ ಕುಡಿದು ಧೈರ್ಯ ಬಂದ್ಮೇಲೆ ಕೇಳ್ದೆ, ಮನೆಗೆ ಬಂದು ಪಕ್ಷಿಗಳ ಧ್ವನಿ ಸಂಗ್ರಹದ ಜೊತೆ ತಾಳೆ ಹಾಕ್ದೆ. ಬಾರ್ಡ್ ಔಲ್ ಅನ್ನೋ ಗೂಬೆ, ಅದೂ ಬರೀ ಎರಡು, ಗಂಡು ಹೆಣ್ಣು. ಆ ಗೂಬೆ ಮೂಲತಃ ಪೂರ್ವದ ಕಡೇದು, ಈ ಕಡೆ ಬಂದು ನೆಲೆ ಊರಿದ್ದೇ ಕಳೆದ ಶತಮಾನದಲ್ಲಿ, ಹಂಗಾಗಿ ಇಲ್ಲಿನ ಹಳಬ್ರಿಗೂ ಅದ್ರ ಧ್ವನಿ ಹೊಸ್ದೇ ಆಗಿತ್ತು ಅಂತ ನನ್ನ ಊಹೆ. ಸೆಪ್ಟೆಂಬರ್‌ನಲ್ಲಿ ಗಂಡು ಎಲ್ಕ್ ಕೂಗೋದು ಬೇರೆ, ನಮ್ಮ ಕಡವೆಗಿಂತ ದೊಡ್ಡ ಪ್ರಾಣಿ, ಅದ್ರ ಬಾಯಿಂದ ಕೊಳಲು ತುಕ್ಕು ಹಿಡ್ದಂಗೆ ಸೀಟಿ ಬರತ್ತೆ ಅಂದ್ರೆ ಕೇಳೋವರ್ಗೂ ಯಾರೂ ನಂಬಲ್ಲ.

ಕಾಡು ಗೊತ್ತು ಅನ್ನೋ ಅಹಂಕಾರ ನಂಗೆ ಜಾಸ್ತಿನೇ ಇತ್ತು, ಅಜ್ಜನ ಜೊತೆ ಗದ್ದೆ ಮಾಳದಲ್ಲಿ ಹಂದಿ ಕಾದಿದೀನಿ, ಆಗುಂಬೆ ಘಾಟಿಯಲ್ಲಿ ಸಿಂಗಳೀಕ ಕೂಗೋದು ಕೇಳಿದೀನಿ, ಕೊಳ್ಳಿದೆವ್ವದ ಕಥೆ ಕೇಳಿ ಹಾಸಿಗೆ ಒದ್ದೆ ಮಾಡಿದೀನಿ. ಆದ್ರೆ ಊರ ಕಾಡಲ್ಲಿ ಯಾವ ಸದ್ದು ಯಾರದ್ದು ಅಂತ ಹೇಳೋಕೆ ಪಕ್ಕದಲ್ಲಿ ಅಜ್ಜ ಇದ್ದ. ಇಲ್ಲಿ ಯಾರಿದಾರೆ. ಅದಕ್ಕೇ ಈಗ ಯಾರಾದ್ರೂ ನಾನೂ ಹುಡುಕ್ಬೇಕು ಅಂದ್ರೆ ಮೊದ್ಲೆರಡು ಸೀಸನ್ ಬಿಗ್‌ಫುಟ್ ಸುದ್ದಿನೇ ಬೇಡ, ಕರಡಿ, ಎಲ್ಕ್, ಗೂಬೆ, ಕೂಗರ್ ಅನ್ನೋ ದೊಡ್ಡ ಕಾಡುಬೆಕ್ಕು, ಇಷ್ಟನ್ನ ಕಲೀರಿ ಅಂತೀನಿ, ಅರ್ಧ ಜನಕ್ಕೆ ಅಲ್ಲಿಗೇ ಉತ್ಸಾಹ ಇಳಿಯತ್ತೆ.

ಕೂದಲು ಸಿಕ್ಕಿದ್ದೂ ಉಂಟು, ಮುಳ್ಳುತಂತಿಯಲ್ಲಿ, ಮರದ ತೊಗಟೆಯಲ್ಲಿ. ಈಗ ಪೇಪರ್ ಕವರ್‌ನಲ್ಲಿ ಹಾಕಿ ತಾರೀಖು ಬರ್ದು ಇಡ್ತೀನಿ ಅಷ್ಟೇ, ಕುಣಿಯಲ್ಲ. ಯಾಕಂದ್ರೆ 1976ರಲ್ಲಿ ಪೀಟರ್ ಬರ್ನ್ ಅನ್ನೋ ಹುಡುಕಾಟಗಾರ ಎಫ್‌ಬಿಐಗೇ ಕೂದಲು ಕಳ್ಸಿದ್ರು, ಅವ್ರೂ ಪಾಪ ಟೆಸ್ಟ್ ಮಾಡಿ ಜಿಂಕೆ ಜಾತಿದು ಅಂತ ಬರ್ದ್ರು, ಆ ಫೈಲ್ 2019ರಲ್ಲಿ ಹೊರಗೆ ಬಂತು. 2014ರಲ್ಲಿ ಆಕ್ಸ್‌ಫರ್ಡ್‌ನ ವಿಜ್ಞಾನಿ ಬ್ರಯನ್ ಸೈಕ್ಸ್ ಪ್ರಪಂಚದ ಎಲ್ಲಾ ಕಡೆಯಿಂದ ಇಂಥ ಕೂದಲು ತರಿಸ್ಕೊಂಡು ಡಿಎನ್‌ಎ ನೋಡಿದ್ರೆ ಕರಡಿ, ದನ, ಕುದುರೆ, ರಕೂನ್, ಮುಳ್ಳುಹಂದಿ, ಒಂದಂತೂ ಮನುಷ್ಯಂದೇ. ನಂಬಿಕೆ ಇರೋವ್ರು ಇದನ್ನ ಕೇಳಿದ್ರೆ ಸಿಟ್ಟಾಗ್ತಾರೆ, ನಾನು ಟೆಸ್ಟರ್, ನಂಗೆ ಅಭ್ಯಾಸ ಇದೆ, ಯಾರೋ ಒಬ್ರ ಮಷಿನ್‌ನಲ್ಲಿ ಮಾತ್ರ ಬಂದು ನಮ್ಮ ಹತ್ರ ಒಂದ್ಸಲನೂ ಬಾರದ ಬಗ್‌ಗಳನ್ನ ದಿನಾ ನೋಡ್ತೀನಿ, ಅದನ್ನ ಇಲ್ಲ ಅಂತ ಕ್ಲೋಸ್ ಮಾಡೋಕೂ ಮನಸ್ಸು ಬರಲ್ಲ, ಇದೆ ಅಂತ ಸೈನ್ ಹಾಕೋಕೂ ಆಗಲ್ಲ.

ಟ್ರೇಲ್ ಕ್ಯಾಮೆರಾ, ಅಂದ್ರೆ ಮುಂದೆ ಏನಾದ್ರೂ ಅಲ್ಲಾಡಿದ್ರೆ ತಾನಾಗೇ ಫೋಟೋ ತೆಗೆಯೋದು, ನಾಲ್ಕು ಇದೆ ನನ್ನ ಹತ್ರ. ಸೊಂಟದ ಎತ್ತರಕ್ಕೆ, ಉತ್ತರಕ್ಕೆ ಮುಖ ಮಾಡಿ ಕಟ್ಬೇಕು, ಇಲ್ದಿದ್ರೆ ಬಿಸಿಲು ನೇರ ಹೊಡೆದು ಸುಮ್ ಸುಮ್ನೆ ಕ್ಲಿಕ್ಕಾಗತ್ತೆ, ಮುಂದಿರೋ ಜರಿಗಿಡ ಸವರಿ ಹಾಕದಿದ್ರೆ ಗಾಳಿಗೆ ಅದು ಅಲ್ಲಾಡಿ ಎರಡು ಸಾವಿರ ಜರಿಗಿಡದ ಫೋಟೋ ಬರತ್ತೆ, ಅನುಭವದ ಮಾತು. ತಿಂಡಿ ಆಸೆ ತೋರ್ಸೋಕೆ ಹೋಗ್ಬೇಡಿ, ಕರಡಿಗೆ ಮನುಷ್ಯನ ಊಟದ ರುಚಿ ಹತ್ತಿದ್ರೆ ಕೊನೆಗೆ ಸಾಯೋದು ಕರಡಿನೇ. ಒರೆಗಾನ್‌ನಲ್ಲಿ 1974ರಲ್ಲಿ ಬಿಗ್‌ಫುಟ್ ಹಿಡಿಯೋಕೆ ಅಂತಾನೇ ದೊಡ್ಡ ಬೋನು ಕಟ್ಟಿದ್ರು, ಅದ್ರಲ್ಲಿ ಬಿದ್ದಿದ್ದೂ ಕರಡಿಗಳೇ. ನನ್ನ ಕ್ಯಾಮೆರಾದಲ್ಲಿ ಒಂದೇ ಒಂದ್ಸಲ ಎರಡು ಕಾಲಲ್ಲಿ ನಡಿಯೋ ಕಪ್ಪು ಆಕೃತಿ ಬಂದಿತ್ತು, ಬೆನ್ನು ಬಾಗಿದೆ, ಕೈ ಉದ್ದ, ಮುಖ ಮಸುಕು. ಟೈಮ್ ನೋಡಿದ್ರೆ ನಾನು ಬ್ಯಾಟರಿ ಹಾಕೋಕೆ ಹೋದ ದಿನ, ರೇನ್‌ಕೋಟ್‌ನಲ್ಲಿ ನಾನೇ. ಹೆಂಡ್ತಿ ಆ ಫೋಟೋ ಫ್ಯಾಮಿಲಿ ಗ್ರೂಪಿಗೆ ಹಾಕಿದ್ಳು, ಅಮ್ಮ ಫೋನ್ ಮಾಡಿ "ಎಂತ ಮಾರಾಯ ಇಷ್ಟು ಸೊರಗಿದ್ಯಲ್ಲ, ಊಟ ಮಾಡ್ತೀಯೋ ಇಲ್ಲೋ" ಅಂತ ಶುರು ಮಾಡಿದ್ರು.

ಗ್ರೋವರ್ ಕ್ರಾಂಟ್ಸ್ ಅಂತ ಒಬ್ರು ಪ್ರೊಫೆಸರ್ ಇದ್ರು, ಇದೇ ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಮಾನವಶಾಸ್ತ್ರ, ಜೊತೆಯವ್ರೆಲ್ಲಾ ಆಡ್ಕೊಂಡ್ರೂ ಬಿಡದೆ ಬಿಗ್‌ಫುಟ್ ಇದೆ ಅಂತ ವಾದಿಸಿದವ್ರು. 2002ರಲ್ಲಿ ತೀರ್ಕೊಂಡ್ರು, ತನ್ನ ಮೂಳೆಗಳನ್ನೇ ಸ್ಮಿತ್ಸೋನಿಯನ್ ಮ್ಯೂಸಿಯಂಗೆ ಕೊಟ್ರು, ಸಾಕಿದ ನಾಯಿ ಮೂಳೆ ಜೊತೆಗೆ ಇಡ್ಬೇಕು ಅಂತ ಹೇಳಿ. ಅವ್ರ ಅಸ್ಥಿಪಂಜರದ ಹೆಗಲಿಗೆ ಆ ನಾಯಿಯ ಅಸ್ಥಿಪಂಜರ ಮುಂಗಾಲು ಹಾಕಿ ನಿಂತಿರೋ ಫೋಟೋ ಇದೆ, ನೋಡಿ ಒಂದ್ಸಲ. ಹುಡುಕಿದ ಪ್ರಾಣಿಯ ಒಂದು ಮೂಳೆನೂ ಸಿಗದೆ ತನ್ನ ಮೂಳೆನೇ ಕೊಟ್ಟೋದ್ರಲ್ಲ ಅಂತ ನಂಗೆ ಯಾಕೋ ಅವ್ರ ಮೇಲೆ ತುಂಬಾ ಪ್ರೀತಿ.

ಈ ಸಲ ಅಕ್ಟೋಬರ್ ಕೊನೆಗೆ ಮೂರು ಕ್ಯಾಮೆರಾ ಬಿಚ್ಕೊಂಡು ಬಂದೆ, ನಾಲ್ಕನೇದು ಇಂಡಿಯನ್ ಹೆವೆನ್ ಕಡೆ ಸ್ವಲ್ಪ ಮೇಲಿದೆ, ಮುಂದಿನ ವಾರ ತಂದ್ರಾಯ್ತು ಅಂತ ಬಿಟ್ಟೆ, ಅಷ್ಟರಲ್ಲಿ ಹಿಮ ಬಿದ್ದು ರಸ್ತೆ ಮುಚ್ತು. ಇನ್ನು ಜೂನ್‌ವರೆಗೆ ಹೋಗಕ್ಕಾಗಲ್ಲ. ಲಿಥಿಯಂ ಸೆಲ್ ಹಾಕಿದೀನಿ, ಫೆಬ್ರವರಿ ತನಕ ಎಳೀಬೋದು.